ಯೂನಿಯನ್ ಫಾರಂಗೆ ಸಹಿ ಹಾಕುವ ಮೊದಲು

ಓದುಗರ ಪ್ರಶ್ನೆ, ನಮ್ಮ ಉತ್ತರ: ದುಡಿಮೆ ಮತ್ತು ಕಾನೂನು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಕೆಲಸದ ಜಾಗದಲ್ಲಿ ಯೂನಿಯನ್ ಕಟ್ಟಲು ಹೊರಟಿದ್ದಾರೆ, ಸೇರಬೇಕೋ ಬೇಡವೋ? ಆರು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಕಾರ್ಖಾನೆಯ ಹೆಸರು ಎರಡನ್ನೂ ಬಿಟ್ಟಿದ್ದೇವೆ. ಎಲ್ಲರಿಗೂ ಅನ್ವಯಿಸುವ ಸಂಗತಿಗಳನ್ನು ಮೊದಲ ಉತ್ತರದಲ್ಲೇ ಸೇರಿಸಿರುವುದರಿಂದ ಅದು ಉದ್ದವಾಗಿದೆ.

ಮಂಜೇಶ್ವರದಿಂದ: ನಮ್ಮದು ಗೇರುಬೀಜದ ಕಾರ್ಖಾನೆ. ಒಟ್ಟು 180 ಜನ, ಅದರಲ್ಲಿ 150 ಹೆಂಗಸರು. ಕಟ್ಟಿಂಗ್, ಪೀಲಿಂಗ್‌ನವರಿಗೆ ಕಿಲೋ ಲೆಕ್ಕದ ಮಜೂರಿ. ತೂಗುವಾಗ ಕಡಿತ ಮಾಡುತ್ತಾರೆ. ಪಿಎಫ್ ಕೆಲವರಿಗೆ ಉಂಟು, ಕೆಲವರಿಗೆ ಇಲ್ಲ. ಹೋದ ತಿಂಗಳು ಹೊರಗಿನ ಇಬ್ಬರು ಬಂದು ಯೂನಿಯನ್ ಫಾರಂ ಕೊಟ್ಟು ಹೋದರು. ಅರ್ಧ ಜನ ಸಹಿ ಹಾಕುವ ಅನ್ನುತ್ತಾರೆ, ಅರ್ಧ ಜನ ಹೆದರಿದ್ದಾರೆ. ನಾನು ಹೇಗೆ ತೀರ್ಮಾನ ಮಾಡಲಿ?

ಉತ್ತರ: ಫಾರಂ ಸದ್ಯ ಮನೆಯಲ್ಲೇ ಇರಲಿ. ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ದೂರುಗಳನ್ನೆಲ್ಲ ಬರೆದು ಎರಡು ಪಾಲು ಮಾಡಿ. ಕಾನೂನು ಈಗಾಗಲೇ ಕೊಟ್ಟಿದ್ದು, ಆದರೆ ನಿಮ್ಮ ಕೈಗೆ ಬಾರದ್ದು ಒಂದು ಪಾಲು. ಕಾನೂನು ಬಾಯಿ ಬಿಡದ, ಮಾಲೀಕರ ಜೊತೆ ಕೂತು ಮಾತಾಡಿಯೇ ಪಡೆಯಬೇಕಾದದ್ದು ಇನ್ನೊಂದು ಪಾಲು. ಪಿಎಫ್ ಮೊದಲನೆಯದಕ್ಕೆ ಸೇರುತ್ತದೆ. 20 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಕಿಲೋ ಲೆಕ್ಕದವರಿಗೂ ಅದನ್ನು ಕಟ್ಟಲೇಬೇಕು. ಇಎಸ್‌ಐ ಎಂಬ ಕಾರ್ಮಿಕರ ವಿಮೆ ಕೂಡ ಹಾಗೆಯೇ: 10 ಜನ ಇದ್ದರೆ ಸಾಕು, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಕಾರ್ಮಿಕರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಕನಿಷ್ಠ ಕೂಲಿಯೂ ಇದೇ ಪಾಲಿನದು. ಇವಕ್ಕೆ ಯೂನಿಯನ್ ಇಲ್ಲದೆಯೂ ದೂರು ಕೊಡಬಹುದು, ಒಬ್ಬರೇ ಕೊಟ್ಟರೂ ಇಲಾಖೆ ತೆಗೆದುಕೊಳ್ಳಬೇಕು. ಕಷ್ಟ ಇರುವುದು ಆ ಒಬ್ಬರಿಗೆ. ಮರುದಿನ ಯಾರ ಮೇಲೆ ಕಣ್ಣು ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ತೂಕದ ಕಡಿತ, ಕಿಲೋ ದರ, ಒಡೆದ ತಿರುಳಿನ ಲೆಕ್ಕ, ಬೀಜ ಸರಿ ಇಲ್ಲದ ದಿನದ ಕೂಲಿ, ಮೂತ್ರಕ್ಕೆ ಹೋಗುವ ಬಿಡುವು ಎರಡನೆಯ ಪಾಲು. ಕನಿಷ್ಠ ಕೂಲಿಯ ಮೇಲೆ ಎಷ್ಟು ಸಿಗಬೇಕು ಎಂಬುದು ಒಪ್ಪಂದದಿಂದ ಬರುವಂಥದ್ದು, ಒಬ್ಬಿಬ್ಬರು ಕೇಳಿದರೆ ಬಾರದು. ನಿಮ್ಮ ಹಾಳೆಯಲ್ಲಿ ಮೊದಲ ಪಾಲು ಮಾತ್ರ ತುಂಬಿದ್ದು, ಕೇಳಿದಾಗ ಮಾಲೀಕರು ಸರಿ ಮಾಡುತ್ತಾರೆ ಎಂದಾದರೆ ಯೂನಿಯನ್ ಇವತ್ತೇ ಆಗಬೇಕೆಂದಿಲ್ಲ. ಎರಡನೆಯ ಪಾಲು ಉದ್ದವಾಗಿದ್ದರೆ ಬೇರೆ ದಾರಿ ನಮಗೆ ಕಾಣುವುದಿಲ್ಲ.

ಹಾಳೆ ಬರೆದ ಮೇಲೆ ಪುರಾವೆ ಜೋಡಿಸಿ. ಪೀಲಿಂಗ್, ಕಟ್ಟಿಂಗ್ ಎರಡೂ ಕಡೆ ಐದೈದು ಜನ 15 ದಿನ ಒಂದೊಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಕೊಟ್ಟ ತೂಕ, ಕಾರ್ಖಾನೆಯವರು ಬರೆದುಕೊಂಡ ತೂಕ, ತೂಗಿದವರು ಯಾರು ಎಂದು ಆ ಹೊತ್ತಿಗೇ ಬರೆಯಲಿ. ಸಂಬಳ ಚೀಟಿ, ಇಎಸ್‌ಐ ಕಾರ್ಡು, ಪಿಎಫ್‌ನ ಯುಎಎನ್ ನಂಬರು ಒಂದು ಕಡೆ ಇರಲಿ. ರಾಜಿ ಮಾತುಕತೆಗೆ ಕೂತಾಗ ಲೇಬರ್ ಆಫೀಸರು ಮೊದಲು ಕೇಳುವುದು ಯಾವ ದಿನ, ಎಷ್ಟು ಕಿಲೋ ಎಂದು. 'ಯಾವಾಗಲೂ ಕಡಿತ ಮಾಡುತ್ತಾರೆ' ಎಂಬ ಉತ್ತರದ ಮೇಲೆ ಮಾತುಕತೆ ಮುಂದೆ ಹೋಗುವುದಿಲ್ಲ. ಒಳ್ಳೆಯ ಕೇಸುಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಇನ್ನು ಎಣಿಕೆ. ನೋಂದಣಿಗೆ ಕಾರ್ಖಾನೆಯ ಶೇ 10 ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು, ಏನೇ ಆದರೂ 7ಕ್ಕಿಂತ ಕಡಿಮೆ ಆಗಬಾರದು. 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಲ್ಲೂ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಈ ಲೆಕ್ಕ ಒಂದೇ. ನಿಮ್ಮ 180ಕ್ಕೆ 18 ಜನ. ಆದರೆ 18 ಜನರಿಂದ ನೋಂದಣಿ ಆಗುತ್ತದೆ, ಮಾತುಕತೆ ಆಗುವುದಿಲ್ಲ. ನೋಂದಣಿ ಬೇರೆ, ಮಾನ್ಯತೆ ಬೇರೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ ಮಸ್ಟರ್ ರೋಲಿನಲ್ಲಿ (ಹಾಜರಿ ಪಟ್ಟಿ) ಇರುವ ಶೇ 51 ಕಾರ್ಮಿಕರು ಯಾರ ಕಡೆ ಇದ್ದಾರೋ ಆ ಯೂನಿಯನ್ ಮಾತ್ರ ಒಪ್ಪಂದ ಮಾಡುವ ಯೂನಿಯನ್ ಎಂದು ಸಂಹಿತೆ ಹೇಳುತ್ತದೆ. ನಿಮ್ಮಲ್ಲಿ ಅದು 92 ಜನ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ದಾಟಿದ ಯೂನಿಯನ್‌ಗಳೆಲ್ಲ ಸೇರಿ ಮಾತುಕತೆಗೆ ಒಂದು ಮಂಡಳಿ. ಅಂದರೆ 36 ಜನ ಇದ್ದವರಿಗೂ ಅಲ್ಲಿ ಕುರ್ಚಿ ಇದೆ, ಆದರೆ ಆ ಮಂಡಳಿಯನ್ನು ಒಡೆಯುವುದು ಮಾಲೀಕರಿಗೆ ಸುಲಭ.

ಆದ್ದರಿಂದ ಮಾಲೀಕರ ಕಿವಿಗೆ ಬೀಳುವ ಮೊದಲು ಮೂರರಲ್ಲಿ ಎರಡು ಪಾಲು, ಅಂದರೆ 120 ಜನ ಸಿದ್ಧ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಸುದ್ದಿ ಹೊರಬಿದ್ದ ವಾರದಲ್ಲೇ ಒಂದಷ್ಟು ಜನ ಹಿಂದೆ ಸರಿಯುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 120ರಲ್ಲಿ ಎಲ್ಲರೂ ಪೀಲಿಂಗ್‌ನವರೇ ಆಗಿ, ಬೋರ್ಮಾದಲ್ಲಿ (ತಿರುಳು ಒಣಗಿಸುವ ಒಲೆ), ಕಟ್ಟಿಂಗ್‌ನಲ್ಲಿ, ಗ್ರೇಡಿಂಗ್‌ನಲ್ಲಿ ಯಾರೂ ಇಲ್ಲದಿದ್ದರೆ ಆ ಎಣಿಕೆಗೆ ಬಲ ಸಾಲದು. ಪ್ರತಿ ವಿಭಾಗದಲ್ಲಿ, ಕೆಲಸದವರನ್ನು ಕರೆತರುವ ಪ್ರತಿ ಜೀಪಿನ ದಾರಿಯಲ್ಲಿ ಉಳಿದವರು ನಂಬುವ ಒಬ್ಬರಾದರೂ ಬೇಕು. ಎಣಿಸುವಾಗ ತಲೆಯಾಡಿಸಿದವರನ್ನು ಹಿಡಿಯಬೇಡಿ. ಸಭೆಗೆ ಬರುತ್ತೀರಾ, ಹೆಸರು ಬರೆದು ಸಹಿ ಕೊಡುತ್ತೀರಾ, ಲೇಬರ್ ಆಫೀಸರ ಮುಂದೆ ಕೂತು ಹೇಳುತ್ತೀರಾ ಎಂದು ಮೂರು ಬೇರೆ ಪ್ರಶ್ನೆ ಕೇಳಿ. ಮೂರಕ್ಕೂ ಹೌದು ಎಂದವರೇ ನಿಮ್ಮ ಸಂಖ್ಯೆ. ಆ ಸಂಖ್ಯೆ 40 ಆದರೆ ಯೂನಿಯನ್ ಬೇಡವೆಂದಲ್ಲ, ಇನ್ನೆರಡು ತಿಂಗಳು ಮನೆ ಮನೆಗೆ ಹೋಗುವ ಕೆಲಸ ಬಾಕಿ ಇದೆ ಎಂದರ್ಥ.

ಈಗ ಆ ಫಾರಂ. ಕೊಟ್ಟು ಹೋದವರನ್ನು ಮತ್ತೆ ಕರೆಸಿ, ಹತ್ತಿಪ್ಪತ್ತು ಜನರ ಎದುರು ಕೇಳಿ. ಬೈಲಾದ, ಅಂದರೆ ಯೂನಿಯನ್ ನಿಯಮಾವಳಿಯ, ಪ್ರತಿ ಕೊಡುತ್ತೀರಾ? ಚಂದಾ ಎಷ್ಟು, ಎಷ್ಟು ಪಾಲು ಇಲ್ಲಿ ಉಳಿಯುತ್ತದೆ, ಎಷ್ಟು ಮೇಲಿನ ಸಮಿತಿಗೆ ಹೋಗುತ್ತದೆ, ರಶೀದಿ ಉಂಟೇ? ಬ್ಯಾಂಕ್ ಖಾತೆ ಯೂನಿಯನ್ ಹೆಸರಲ್ಲಿದ್ದು ಇಬ್ಬರ ಸಹಿ ಬೇಕಾಗುತ್ತದೆಯೇ? ಎಲ್ಲಕ್ಕಿಂತ ಮುಖ್ಯ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಎಲ್ಲರ ಮುಂದೆ ಓದಿ ವೋಟಿಗೆ ಹಾಕುತ್ತೀರಾ? ಈ ಕೊನೆಯ ಪ್ರಶ್ನೆಗೆ 'ಅದನ್ನೆಲ್ಲ ನಾಯಕರು ನೋಡಿಕೊಳ್ಳುತ್ತಾರೆ' ಎಂಬ ಉತ್ತರ ಬಂದರೆ ಸಹಿ ಹಾಕಬೇಡಿ. ವೋಟಿನ ನಿಯಮ ಬೈಲಾದಲ್ಲಿ ಬರವಣಿಗೆಯಲ್ಲಿ ಬರುವವರೆಗೆ ಕಾಯಿರಿ.

ಕಾರ್ಖಾನೆಯ ಕೆಲಸಗಾರರಲ್ಲದವರು ಪದಾಧಿಕಾರಿಗಳಾಗಲು ಕಾನೂನಿನಲ್ಲಿ ಮಿತಿ ಇದೆ: ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಪಾಲು ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟು. ಒಂಬತ್ತು ಜನರ ಸಮಿತಿಯಾದರೆ ಹೊರಗಿನವರು ಮೂರೇ ಜನ. ಅನುಭವ ಇರುವ ಹೊರಗಿನವರೊಬ್ಬರು ಇರುವುದು ಒಳ್ಳೆಯದೇ, ಅವರ ಕೂಲಿಯನ್ನು ಮಾಲೀಕರು ಕಡಿಯಲಾರರು. ಆದರೆ 180ರಲ್ಲಿ 150 ಹೆಂಗಸರಿರುವ ಕಡೆ ಸಮಿತಿಯಲ್ಲಿ ಗಂಡಸರೇ ತುಂಬಿದರೆ ಮೂತ್ರದ ಬಿಡುವಿನ ಮಾತು ಮಾತುಕತೆಯ ಪಟ್ಟಿಯಿಂದ ಮೊದಲು ಬಿದ್ದುಹೋಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಮೂನ್ನಾರಿನ ಚಹಾತೋಟದ ಹೆಂಗಸರು ಬೋನಸ್ ಶೇ 20ರಿಂದ ಶೇ 10ಕ್ಕೆ ಇಳಿದಾಗ ಹಳೆಯ ಯೂನಿಯನ್‌ಗಳ ನಾಯಕರನ್ನು ದೂರ ಇಟ್ಟು ತಾವೇ ರಸ್ತೆಗೆ ಕೂತರು. ತಮ್ಮ ಪರವಾಗಿ ಮಾತಾಡಬೇಕಾದ ಸಮಿತಿಗಳ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಅಷ್ಟಕ್ಕೆ ಬರುವ ಮೊದಲೇ ಹೆಂಗಸರ ಪಾಲು ಎಷ್ಟೆಂದು ಬೈಲಾದಲ್ಲಿ ಬರೆಸಿಕೊಳ್ಳಿ.

ಬಾವುಟದ ಮಾತು ಕಾಸರಗೋಡಿನಲ್ಲಿ ಬಂದೇ ಬರುತ್ತದೆ. ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ, ಬಿಎಂಎಸ್, ಎಸ್‌ಟಿಯು ಹೀಗೆ ಬೇರೆ ಬೇರೆ ರಾಜಕೀಯ ಒಲವಿನ ಕಾರ್ಮಿಕ ಸಂಘಟನೆಗಳೆಲ್ಲವೂ ಇಲ್ಲಿವೆ. ಯಾವ ಪಕ್ಷಕ್ಕೆ ವೋಟು ಹಾಕುತ್ತೀರಿ ಎಂಬುದಕ್ಕೂ ಕಾರ್ಖಾನೆಯಲ್ಲಿ ಯಾರ ಮೂಲಕ ಮಾತಾಡುತ್ತೀರಿ ಎಂಬುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ರಾಜಕೀಯ ನಿಧಿ ಇದ್ದರೆ ಅದು ಪ್ರತ್ಯೇಕ ಇರಬೇಕು, ಅದಕ್ಕೆ ಹಣ ಕೊಡದವರನ್ನು ಸದಸ್ಯತ್ವದಿಂದ ತೆಗೆಯುವಂತಿಲ್ಲ. ನಿಮ್ಮ ಕಾರ್ಖಾನೆಯಲ್ಲಿ 60 ಜನ ಒಂದು ಬಾವುಟಕ್ಕೆ, 60 ಜನ ಇನ್ನೊಂದಕ್ಕೆ ಹೋದರೆ ಯಾರಿಗೂ 92 ಸಿಗುವುದಿಲ್ಲ. ಯಾವ ಯೂನಿಯನ್ ಎಂಬುದನ್ನು ಮೊದಲು ನೀವೇ ಕೂತು ಒಮ್ಮತಕ್ಕೆ ತಂದು, ಆಮೇಲೆ ಬಾಗಿಲು ತಟ್ಟಿ.

ಅರ್ಜಿ ಸಲ್ಲಿಸುವಾಗ 18ಕ್ಕೆ ನಿಲ್ಲಬೇಡಿ, 40 ಜನರ ಸಹಿ ಇರಲಿ. ಅರ್ಜಿ ಹಾಕಿದ ಮೇಲೆ, ನೋಂದಣಿ ಆಗುವ ಮೊದಲು, ಅರ್ಜಿದಾರರಲ್ಲಿ ಅರ್ಧದವರೆಗೆ ಬಿಟ್ಟುಹೋದರೂ ಅರ್ಜಿ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಆದರೆ ಕನಿಷ್ಠ ಸದಸ್ಯರ ಲೆಕ್ಕವೂ ಉಳಿಯಬೇಕು, 40 ಇದ್ದರೆ ಎರಡೂ ಭದ್ರ. ಮಹಾಸಭೆಯ ನಡಾವಳಿ, ಬೈಲಾ, ಪದಾಧಿಕಾರಿಗಳ ಹೆಸರು, ವಯಸ್ಸು, ವಿಳಾಸ, ಉದ್ಯೋಗ, ಅರ್ಜಿದಾರರು ಕೆಲಸ ಮಾಡುವ ಜಾಗ ಇಷ್ಟೂ ಬೇಕು. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು ಥರ, ಹಾಜರಿ ಪುಸ್ತಕದಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ, ಮೊದಲೇ ಹೊಂದಿಸಿ. ಈಗ ಚಾಲ್ತಿಯಲ್ಲಿರುವ ನಮೂನೆಯನ್ನು ಜಿಲ್ಲಾ ಲೇಬರ್ ಆಫೀಸಿನಿಂದಲೇ ತನ್ನಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಕನ್ನಡ ಭಾಷಾ ಅಲ್ಪಸಂಖ್ಯಾತರ ಪ್ರದೇಶ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ನಿಮಗೆ ಹಕ್ಕಿದೆ. ಬೈಲಾವನ್ನು ಕನ್ನಡದಲ್ಲೇ ಬರೆಸಿ, ಮಲಯಾಳದ ಪ್ರತಿಯೊಂದನ್ನು ಜೊತೆಗೆ ಇಡಿ. ಸದಸ್ಯರಿಗೆ ಓದಲಾಗದ ಬೈಲಾ ಮುಂದೆ ಜಗಳಕ್ಕೆ ದಾರಿ.

ಹೆದರಿದವರಿಗೆ ಸುಳ್ಳು ಧೈರ್ಯ ಹೇಳಬೇಡಿ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ತೆಗೆಯುತ್ತೇವೆಂದು ಬೆದರಿಸುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಕಾನೂನು ಹೇಳುತ್ತದೆ. ಆದರೂ ತೆಗೆದವರಿದ್ದಾರೆ, ಮರಳಿ ಸೇರಲು ವರ್ಷಗಟ್ಟಲೆ ಕಾದವರೂ ಇದ್ದಾರೆ. ಅದಕ್ಕೇ ಯೂನಿಯನ್ ಮಾತನ್ನು ಕೆಲಸದ ಹೊತ್ತಿನಲ್ಲಿ ಆಡಬೇಡಿ. ಊಟದ ಬಿಡುವಿನಲ್ಲಿ ಅಥವಾ ಗೇಟಿನ ಹೊರಗೆ ಆಡಿ. ಮೇಸ್ತ್ರಿಯನ್ನು ಬೈದು ವಾಟ್ಸಾಪಿನಲ್ಲಿ ವಾಯ್ಸ್ ಹಾಕಬೇಡಿ, ಮೆಮೊ ಬರುವುದು ಅದಕ್ಕೇ. ನೋಂದಣಿಯಾದ ಮೇಲೆ ಒಟ್ಟು ಕಾರ್ಮಿಕರ ಶೇ 1, ಕನಿಷ್ಠ 5 ಜನ ಪದಾಧಿಕಾರಿಗಳನ್ನು 'ರಕ್ಷಿತ ಕಾರ್ಮಿಕರು' ಎಂದು ಮಾನ್ಯ ಮಾಡಿಸಬಹುದು. ವಿವಾದ ವಿಚಾರಣೆಯಲ್ಲಿರುವಾಗ ಅಧಿಕಾರಿಯ ಮುಂಚಿನ ಅನುಮತಿ ಇಲ್ಲದೆ ಅವರನ್ನು ವಜಾ ಮಾಡುವಂತಿಲ್ಲ. ಆ ಪಟ್ಟಿಯನ್ನು ಪ್ರತಿ ವರ್ಷ ಮಾಲೀಕರಿಗೆ ಬರವಣಿಗೆಯಲ್ಲಿ ಕೊಡಬೇಕು. ಒಂದು ವರ್ಷ ಮರೆತರೆ ಆ ವರ್ಷ ರಕ್ಷಣೆ ಇಲ್ಲ.

ಬದಿಯಡ್ಕದಿಂದ: ನನ್ನ ಅತ್ತೆ ಬೀಡಿ ಕಟ್ಟಿ ಸಂಸಾರ ಸಾಗಿಸಿದವರು. ಯೂನಿಯನ್, ಕಾಯ್ದೆ ಅಂತ ಹೋಗಿ ಆಗ ಕಂಪನಿಗಳು ಬ್ರಾಂಚ್ ಮುಚ್ಚಿ ಹೋದವು ಅನ್ನುತ್ತಾರೆ. ನಮ್ಮ ಗೇರುಬೀಜ ಕಾರ್ಖಾನೆಯವರೂ ಈಗ ಅದೇ ಮಾತು ಆಡುತ್ತಿದ್ದಾರೆ. ನಿಜಕ್ಕೂ ಮುಚ್ಚುತ್ತಾರೆಯೇ?

ಉತ್ತರ: ನಿಮ್ಮ ಅತ್ತೆ ಹೇಳುವುದು ನಡೆದದ್ದೇ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ, 1968ರಲ್ಲಿ, ಮಂಗಳೂರು ಮೂಲದ ದೊಡ್ಡ ಕಂಪನಿಗಳು ಈ ಕಡೆಯ ಕೆಲಸ ನಿಲ್ಲಿಸಿದವು, ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಅದರ ಮುಂದಿನ ಭಾಗವನ್ನೂ ಹೇಳಬೇಕು. 1969ರಲ್ಲಿ ಅದೇ ಕಾರ್ಮಿಕರು ಸರ್ಕಾರದ ನೆರವಿನಿಂದ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಒಂದು ಹಂತದಲ್ಲಿ ಅದರಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬೀಡಿ ಸೇದುವವರು ಕಡಿಮೆಯಾದಾಗ ಸಂಘ ಆಹಾರ ಪದಾರ್ಥ, ಕೊಡೆಗಳ ಕಡೆಗೆ ತಿರುಗಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಆ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1974ರಲ್ಲಿ ಎತ್ತಿ ಹಿಡಿಯಿತು.

ಬೀಡಿ ಕೆಲಸ ಅಷ್ಟು ಬೇಗ ಎದ್ದು ಹೋಗಲು ಕಾರಣ ಇತ್ತು: ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಬಿಟ್ಟರೆ ಬೇರೇನೂ ಬೇಡ. ಗೇರುಬೀಜಕ್ಕೆ ಬಾಯ್ಲರ್, ಬೋರ್ಮಾ, ಗೋದಾಮು ಬೇಕು. ಆದರೂ ಕೇರಳದ ಗೇರುಬೀಜದ ಕೆಲಸದಲ್ಲಿ ಒಂದು ಪಾಲು ಕೂಲಿ ಕಡಿಮೆ ಇರುವ ನೆರೆ ರಾಜ್ಯಗಳಿಗೆ ಹೋಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಾಗಾಗಿ ಬೆದರಿಕೆ ಬಂದಾಗ ಮಾತು ಕೇಳಬೇಡಿ, ಅಂಗಳ ನೋಡಿ. ಹಸಿ ಬೀಜದ ಲೋಡು ಬರುತ್ತಿದೆಯೇ? ಮುಂದಿನ ತಿಂಗಳುಗಳಿಗೆ ದಾಸ್ತಾನು ಮಾಡಿದ್ದಾರೆಯೇ? ಬಾಯ್ಲರ್ ರಿಪೇರಿ, ಹೊಸ ಶೆಡ್ಡು ನಡೆಯುತ್ತಿದ್ದರೆ ಮುಚ್ಚುವ ಮಾತು ಹೆಚ್ಚಾಗಿ ಬೆದರಿಕೆಯೇ. ಬೀಜ ತರಿಸುವುದು ನಿಂತು, ಯಂತ್ರ ಬಿಚ್ಚುತ್ತಿದ್ದು, ಪಿಎಫ್ ಬಾಕಿ ಬೆಳೆಯುತ್ತಿದ್ದರೆ ಯೂನಿಯನ್ ಮಾಡಿದರೂ ಬಿಟ್ಟರೂ ಮುಚ್ಚುವ ಲಕ್ಷಣ. ಆಗ ಯೂನಿಯನ್ ಬೇಕಾಗುವುದು ಬಾಕಿ ವಸೂಲಿಗೆ. ಕಟ್ಟಿಂಗ್, ಪೀಲಿಂಗ್ ಯಂತ್ರ ಬರುತ್ತಿದ್ದರೆ ಅದು ಮುಚ್ಚುವುದಕ್ಕಿಂತ ಹತ್ತಿರದ ಅಪಾಯ. ಕೆಲಸ ಕಳೆಯುವಂಥ ಯಾಂತ್ರೀಕರಣಕ್ಕೆ 21 ದಿನ ಮೊದಲು ನೋಟಿಸು ಕೊಡಬೇಕು, ಯಾರನ್ನು ಯಾವ ವಿಭಾಗಕ್ಕೆ ಹಾಕುತ್ತಾರೆ ಎಂದು ಕೇಳಿ ಒಪ್ಪಂದ ಮಾಡಿಸುವುದು ಆ 21 ದಿನಗಳಲ್ಲಿ.

50 ಅಥವಾ ಹೆಚ್ಚು ಜನರಿರುವ ಕಾರ್ಖಾನೆ ಮುಚ್ಚಲು 60 ದಿನದ ನೋಟಿಸು ಬೇಕು. ಪರಿಹಾರ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಕೂಲಿ. ದಿನಕ್ಕೆ ಸರಾಸರಿ 450 ರೂಪಾಯಿ ದುಡಿಯುವ, 12 ವರ್ಷ ಆದವರಿಗೆ 450ನ್ನು 15ರಿಂದ, ಮತ್ತೆ 12ರಿಂದ ಗುಣಿಸಿದರೆ 81,000 ರೂಪಾಯಿ. ಗ್ರಾಚುಟಿ ಬೇರೆ. ಕಿಲೋ ಲೆಕ್ಕದವರ ಗ್ರಾಚುಟಿಗೆ ಕೊನೆಯ ಮೂರು ತಿಂಗಳ ದಿನಗೂಲಿಯ ಸರಾಸರಿ ಹಿಡಿಯುತ್ತಾರೆ, ಆ ಸರಾಸರಿಯೂ 450 ಆದರೆ ಇನ್ನೊಂದು 81,000. ಸಂಘಟನೆ ಇಲ್ಲದ ಕಡೆ 'ಇಷ್ಟು ತಗೊಂಡು ಸಹಿ ಹಾಕಿ' ಎಂದು ಕಾಲುಭಾಗ ಕೊಟ್ಟು ಮುಗಿಸುತ್ತಾರೆ. ಹಾಜರಿಯ ದಾಖಲೆ ನಿಮ್ಮಲ್ಲಿ ಇಲ್ಲದಿದ್ದರೆ 12 ವರ್ಷ 5 ವರ್ಷವಾಗುತ್ತದೆ.

ಹೊಸೂರಿನಿಂದ: ನಾನು ಎರಡು ವರ್ಷದಿಂದ ಟ್ರೈನಿ. ಲೈನಿನಲ್ಲಿ ಪರ್ಮನೆಂಟ್‌ನವರು ಮಾಡುವ ಕೆಲಸವನ್ನೇ ಮಾಡುತ್ತೇನೆ. ಯೂನಿಯನ್‌ನವರು ಸಹಿ ಕೇಳುತ್ತಿದ್ದಾರೆ. ನನ್ನಂಥವರು ಹಾಕಬಹುದೇ, ಹಾಕಿದರೆ ಪರ್ಮನೆಂಟ್ ಆಗುವುದು ತಪ್ಪುತ್ತದೆಯೇ?

ಉತ್ತರ: ನಿಮ್ಮ ಕೈಯಲ್ಲಿರುವ ಕಾಗದ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿದ ಕರಾರು ಇದ್ದರೆ ಕಾನೂನಿನ ಕಣ್ಣಿಗೆ ನೀವು ತರಬೇತಿಯವರು, ಕಾರ್ಮಿಕರಲ್ಲ. ಬರೀ ಕಂಪನಿಯ ಲೆಟರ್‌ಹೆಡ್ಡಿನಲ್ಲಿ 'ಟ್ರೈನಿ' ಎಂದಿದ್ದರೆ ಹೆಸರಿಗೆ ಬೆಲೆ ಇಲ್ಲ, ನಿಜವಾಗಿ ಮಾಡುವ ಕೆಲಸ ಯಾವುದೆಂದು ಕೋರ್ಟು ನೋಡುತ್ತದೆ. ತಮಿಳುನಾಡಿನಲ್ಲಿ ಇನ್ನೊಂದು ಆಧಾರ ಇದೆ: 24 ತಿಂಗಳಲ್ಲಿ 480 ದಿನ ದುಡಿದ ಕಾರ್ಮಿಕರನ್ನು ಕಾಯಂ ಮಾಡಬೇಕೆಂಬ 1981ರ ರಾಜ್ಯ ಕಾಯ್ದೆ. ಆ 480 ದಿನದ ಲೆಕ್ಕ ಈಗಲೇ ಬರೆದಿಡಿ. ಶಿಫ್ಟ್ ಪಟ್ಟಿ, ಪಂಚಿಂಗ್ ಮೆಸೇಜು, ಬಸ್ ಪಾಸು, ಬ್ಯಾಂಕಿಗೆ ಬಂದ ಹಣ ಎಲ್ಲವೂ ಸಾಕ್ಷಿ. ನಡುವೆ ಒಂದು ವಾರ ಬಿಡಿಸಿ ಮತ್ತೆ ಸೇರಿಸಿಕೊಂಡ ದಿನಾಂಕಗಳನ್ನು ವಿಶೇಷವಾಗಿ ಗುರುತಿಸಿ.

ಸದಸ್ಯರಾಗಿ, ಆದರೆ ನೋಂದಣಿ ಅರ್ಜಿಯ ಮೊದಲ ಹೆಸರುಗಳಲ್ಲಿ ನಿಮ್ಮದು ಬೇಡ. ಅರ್ಜಿದಾರರು ಕಾರ್ಮಿಕರೇ ಅಲ್ಲ ಎಂದು ಕಂಪನಿ ತಕರಾರು ಎತ್ತಿದರೆ ಅದರ ವಿಚಾರಣೆಗೇ ತಿಂಗಳುಗಳು ಹೋಗುತ್ತವೆ. ಮೊದಲ ಸಹಿಗಳು ಕಾಯಂ ಕಾರ್ಮಿಕರದ್ದೇ ಇರಲಿ. ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್ 9ರಂದು ಶುರುವಾದ ಮುಷ್ಕರ 37 ದಿನ ನಡೆಯಿತು, ಯೂನಿಯನ್ ನೋಂದಣಿಯಾದದ್ದು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2025ರ ಜನವರಿಯಲ್ಲಿ. ಅದು ಸಾವಿರಕ್ಕೂ ಹೆಚ್ಚು ಕಾಯಂ ಕಾರ್ಮಿಕರಿದ್ದ ಕಡೆಯ ಮಾತು. ಬಾಡಿಗೆ ಕೋಣೆಯಲ್ಲಿದ್ದು ಊರಿಗೆ ಹಣ ಕಳಿಸುವವರು ಅಷ್ಟು ಕಾಲಕ್ಕೆ ಸಿದ್ಧರಿದ್ದಾರೆಯೇ ಎಂದು ನಿಮ್ಮವರನ್ನು ಕೇಳಿ. ಕರಪತ್ರ ತಮಿಳಿನಲ್ಲಿ ಮಾತ್ರ ಇದ್ದರೆ ಕನ್ನಡದವರೂ ತೆಲುಗಿನವರೂ ಒಡಿಯಾದವರೂ ಹೊರಗುಳಿಯುತ್ತಾರೆ. ಅದನ್ನು ಸರಿಮಾಡುವ ಕೆಲಸವನ್ನು ನೀವು ಇವತ್ತೇ ವಹಿಸಿಕೊಳ್ಳಬಹುದು.

ಕುಂಬಳೆಯಿಂದ: ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್. ನಾವು ಒಂಬತ್ತು ಮಂದಿ. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಯೂನಿಯನ್ ಅಂದರೆ ಧಣಿಗಳು 'ನೋಕ್ಕುಕೂಲಿ ತರುತ್ತೀರಾ' ಎಂದು ಗದರಿಸುತ್ತಾರೆ.

ಉತ್ತರ: ನೋಕ್ಕುಕೂಲಿ ಹೊರೆ ಇಳಿಸುವ ಕ್ಷೇತ್ರದ ಕೆಟ್ಟ ರೂಢಿ, ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುವ ಹಣ. ಕೇರಳ ಸರ್ಕಾರ 2018ರ ಮೇ 1ರಿಂದ ಅದನ್ನು ನಿಲ್ಲಿಸಿದೆ. ಹತ್ತು ಗಂಟೆ ನಿಂತು ಸೀರೆ ಬಿಚ್ಚಿ ತೋರಿಸುವವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೂರುವ ಹಕ್ಕು ನಿಮಗೆ ಈಗಾಗಲೇ ಇದೆ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿ ಹೆಂಗಸರು 'ಪೆಣ್‌ಕೂಟ್ಟು' ಎಂಬ ಕೂಟ ಕಟ್ಟಿ ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವುದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. ಆಸನ ಕೊಡದಿದ್ದರೆ ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಬರೆಯಿರಿ, ಒಂಬತ್ತು ಹೆಸರಿನಲ್ಲಿ.

ಒಂದೇ ಅಂಗಡಿಯ ಯೂನಿಯನ್ ಬೇಡ. ಕನಿಷ್ಠ 7 ಜನ ಬೇಕು, ಮೂವರು ಮದುವೆಯಾಗಿಯೋ ಕೆಲಸ ಬಿಟ್ಟೋ ಹೋದರೆ ಅಲ್ಲಿಗೆ ಮುಗಿಯಿತು. ಕುಂಬಳೆ, ಉಪ್ಪಳ, ಹೊಸಂಗಡಿ ಸೇರಿಸಿ ಅಂಗಡಿ ಕೆಲಸಗಾರರ ಒಂದೇ ಯೂನಿಯನ್‌ಗೆ 100 ಸದಸ್ಯರನ್ನು ಮಾಡಿ. ಆಗ ಶೇ 10ರ ಲೆಕ್ಕದ ತಕರಾರೂ ಇರುವುದಿಲ್ಲ, ಯಾವ ಅಂಗಡಿಯವರು ಮುಂದಾಳು ಎಂದು ಒಬ್ಬರನ್ನು ಗುರುತಿಸಿ ಹೊರಹಾಕುವುದೂ ಕಷ್ಟ.

ಅಕ್ಕಲಕೋಟೆಯಿಂದ: ಸೋಲಾಪುರದ ಅಕ್ಕಲಕೋಟೆ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರ್ಖಾನೆ ಕೆಲಸ ರೀ. ಯೂನಿಯನ್ ಮಾತು ಎದ್ದ ವಾರದಾಗ ಸೇಠರು 500 ರೂಪಾಯಿ ಪಗಾರ ಏರಿಸಿದರು. 'ಕಮಿಟಿ ಮಾಡೇನಿ, ಅಲ್ಲೇ ಹೇಳ್ರಿ' ಅಂತಾರ. ಇಷ್ಟು ಸಾಲದ?

ಉತ್ತರ: ಏರಿಸಿದ ಪಗಾರ ತಗೊಳ್ಳಿ, ಅದು ನಿಮ್ಮ ದುಡಿಮೆಯದೇ. ಆದರೆ ಯೂನಿಯನ್ ಮಾತು ಎದ್ದ ಹೊತ್ತಿನಲ್ಲೇ ಅದನ್ನು ಮುರಿಯಲೆಂದು ಪಗಾರ ಏರಿಸುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಹೆಸರು ಹಿಡಿದು ಬರೆದಿರುವ ಸಂಗತಿ. ಏರಿಸಿದ ತಾರೀಖು, ಯೂನಿಯನ್ ಸಭೆಯ ತಾರೀಖು ಎರಡನ್ನೂ ಬರೆದಿಡಿ. ಮಾಲೀಕರು ತಾವೇ ಯೂನಿಯನ್ ಹುಟ್ಟುಹಾಕುವುದು, ಅದಕ್ಕೆ ಹಣ ಕೊಡುವುದು ಕೂಡ ಅದೇ ಪಟ್ಟಿಯಲ್ಲಿದೆ.

ಕಮಿಟಿ ಕೆಟ್ಟದ್ದಲ್ಲ. 20 ಅಥವಾ ಹೆಚ್ಚು ಜನರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸಮ ಸಮ. ಕ್ಯಾಂಟೀನು, ಫ್ಯಾನು, ಒಬ್ಬರ ರಜೆಯ ತಕರಾರು ಅಲ್ಲಿ ಮುಗಿಯುತ್ತವೆ. ಪಗಾರದ ಒಪ್ಪಂದ ಅದರ ಕೆಲಸವಲ್ಲ. ವರ್ಕ್ಸ್ ಕಮಿಟಿ, ಅಂದರೆ ಮಾಲೀಕರು ಮತ್ತು ಕಾರ್ಮಿಕರ ಇಂಥ ಜಂಟಿ ಸಮಿತಿ, ಯೂನಿಯನ್ ಜಾಗಕ್ಕೆ ಬರಲಾರದು ಎಂದು ಸುಪ್ರೀಂ ಕೋರ್ಟು 1960ರಲ್ಲೇ ಹೇಳಿದೆ. ಸೇಠರನ್ನು ಒಂದೇ ಮಾತು ಕೇಳಿ: ಕಮಿಟಿಯಲ್ಲಿ ಒಪ್ಪಿದ್ದನ್ನು ಮೂರು ವರ್ಷದ ಲಿಖಿತ ಒಪ್ಪಂದ ಮಾಡಿ ಲೇಬರ್ ಆಫೀಸಿಗೆ ಕಳಿಸುತ್ತೀರಾ? ಇಲ್ಲ ಅಂದರೆ ಇವತ್ತು ಏರಿಸಿದ 500 ನಾಳೆ ಇಳಿದರೂ ಕೇಳುವ ಕಾಗದ ನಿಮ್ಮಲ್ಲಿ ಇರುವುದಿಲ್ಲ.

ರಾಯದುರ್ಗದಿಂದ: ಜೀನ್ಸ್ ಹೊಲಿಯುವ ಘಟಕ. ನನಗೆ ಸೇರಲು ಮನಸ್ಸಿಲ್ಲ. ಸೇರದಿದ್ದರೆ ಯೂನಿಯನ್ ತರುವ ಲಾಭ ನನಗೆ ಸಿಗುತ್ತದೆಯೇ? ಸೇರಿದ ಮೇಲೆ ಬಿಡಬಹುದೇ?

ಉತ್ತರ: ಒಪ್ಪಂದ ಎಲ್ಲಿ ಆಯಿತು ಎಂಬುದನ್ನು ನೋಡಬೇಕು. ಲೇಬರ್ ಆಫೀಸರ ಮುಂದೆ ರಾಜಿ ಮಾತುಕತೆಯಲ್ಲಿ ಆದ ಒಪ್ಪಂದ ಘಟಕದ ಎಲ್ಲ ಕಾರ್ಮಿಕರಿಗೂ ಅನ್ವಯ, ಸದಸ್ಯರಲ್ಲದವರಿಗೂ, ನಾಳೆ ಸೇರುವವರಿಗೂ. ಅಲ್ಲಿಗೆ ಹೋಗದೆ ಯೂನಿಯನ್ ಮತ್ತು ಮಾಲೀಕರು ತಮ್ಮೊಳಗೇ ಮಾಡಿಕೊಂಡದ್ದು ಆ ಯೂನಿಯನ್ ಸದಸ್ಯರಿಗೆ ಮತ್ತು ಅದಕ್ಕೆ ಒಪ್ಪಿ ಸಹಿ ಹಾಕಿದವರಿಗೆ ಮಾತ್ರ. ಸೇರುವಂತೆ ನಿಮ್ಮ ಮೇಲೆ ಬಲವಂತ ಮಾಡುವುದು ಯೂನಿಯನ್ ಕಡೆಯ ಅನುಚಿತ ಪದ್ಧತಿ, ಅದಕ್ಕೂ ದೂರು ಕೊಡಬಹುದು. ಸೇರದೆ ಇರುವುದಾದರೆ ಹಾಗೆಂದು ನೇರವಾಗಿ ಹೇಳಿಬಿಡಿ. ಹೂಂ ಎಂದು ಹೇಳಿ ಆ ದಿನ ಕೈಬಿಟ್ಟರೆ ನಿಮ್ಮನ್ನು ಲೆಕ್ಕಕ್ಕೆ ಹಿಡಿದು ಹೆಜ್ಜೆ ಇಟ್ಟವರು ಬೀಳುತ್ತಾರೆ.

ಬಿಡುವುದು ಸುಲಭ, ಕಾರ್ಯದರ್ಶಿಗೆ ಒಂದು ಪತ್ರ ಸಾಕು. ಆದರೆ ಚಂದಾ ಸಂಬಳದಲ್ಲೇ ಕಡಿಯಲು ನೀವು ಬರೆದುಕೊಟ್ಟಿದ್ದರೆ ಆ ಒಪ್ಪಿಗೆಯನ್ನು ವಾಪಸು ಪಡೆಯುವ ಪತ್ರವನ್ನು ಮಾಲೀಕರಿಗೂ ಬೇರೆಯಾಗಿ ಕೊಟ್ಟು, ಎರಡರ ಪ್ರತಿಯ ಮೇಲೂ ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ. ಯೂನಿಯನ್‌ಗೆ ಮಾತ್ರ ಕೊಟ್ಟರೆ ಮುಂದಿನ ತಿಂಗಳ ಸಂಬಳದಲ್ಲೂ ಕಡಿತ ಆಗಿರುತ್ತದೆ.